ಹತ್ತಕ್ಕೆ ಹತ್ತರ ಸವಾರಿ

ಹೊಸ ಮೋಟಾರ್‌ಸೈಕಲ್ ಕೊಂಡವನಿಂದ ತೃಪ್ತಿಯನ್ನು ಯಾವಾಗ ವಸೂಲು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಷೋರೂಮುಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿವೆ: ಬೈಕು ರಸ್ತೆಗೆ ಇಳಿಯುವ ಮೊದಲೇ. ಇಳಿದ ಮೇಲೆ ಏನಾಗುತ್ತದೆಂಬುದು ಅವರಿಗೂ ಚೆನ್ನಾಗಿ ಗೊತ್ತಿರುವುದರಿಂದ ಈ ಆತುರವನ್ನು ತಪ್ಪೆನ್ನುವಂತಿಲ್ಲ. ಹಾರ ಹಾಕಿ, ಕುಂಕುಮ ಹಚ್ಚಿ, ಚಕ್ರದಡಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿಸಿ, ರಟ್ಟಿನಲ್ಲಿ ಕತ್ತರಿಸಿದ ಭಾರೀ ಗಾತ್ರದ ಕೀಲಿಯೊಂದನ್ನು ಮಾಲೀಕನ ಕೈಗಿತ್ತು, ಕುಟುಂಬ ಸಮೇತ ಫೋಟೊ ತೆಗೆದ ಮೇಲೆ, ಸೇಲ್ಸ್ ಹುಡುಗ ಅವನನ್ನು ಸ್ವಲ್ಪ ಪಕ್ಕಕ್ಕೆ ಕರೆದು ದನಿ ತಗ್ಗಿಸುತ್ತಾನೆ: "ಸರ್, ಕಂಪನಿಯಿಂದ ಒಂದು ಕಾಲ್ ಬರುತ್ತೆ. ಎಲ್ಲದಕ್ಕೂ ಹತ್ತಕ್ಕೆ ಹತ್ತು ಕೊಟ್ಬಿಡಿ. ಒಂಬತ್ತು ಕೊಟ್ರೂ ನಮಗೆ ಸೊನ್ನೆ ಕೊಟ್ಟ ಹಾಗೇ ಸರ್."

ಮಗ ಮೂವತ್ತೈದು ಅಂಕ ತೆಗೆದರೂ ಬೀದಿಗೆಲ್ಲ ಸಿಹಿ ಹಂಚುವ ನಾಡಿನಲ್ಲಿ, ನೂರಕ್ಕೆ ತೊಂಬತ್ತು ಬಂದವನು ಫೇಲಾಗುವ ಪರೀಕ್ಷೆ ಬಹುಶಃ ಇದೊಂದೇ ಇರಬೇಕು. ಹುಡುಗನ ಇನ್ಸೆಂಟಿವ್ ಈ ಅಂಕದ ಮೇಲೆ ನಿಂತಿದೆಯೆಂದು ತಿಳಿದ ಯಾವ ಕನ್ನಡಿಗನೂ ಎಂಟು ಕೊಡುವಷ್ಟು ಕಟುಕನಲ್ಲ. ಹೀಗಾಗಿ ವರ್ಷದ ಕೊನೆಗೆ "ಗ್ರಾಹಕ ತೃಪ್ತಿಯಲ್ಲಿ ಪ್ರಥಮ" ಎಂಬ ಫಲಕವಾಗಿ ಷೋರೂಮಿನ ಗೋಡೆ ಏರುವುದರಲ್ಲಿ ತೃಪ್ತಿಯ ಪಾಲಿಗಿಂತ ಕರುಣೆಯ ಪಾಲೇ ಹೆಚ್ಚು.

ಹೇಳಿದಂತೆಯೇ ಕರೆ ಬರುತ್ತದೆ. ಸಿಬ್ಬಂದಿ ನಗುಮುಖದಿಂದ ಮಾತನಾಡಿದರೇ, ಕುಡಿಯಲು ಕಾಫಿ ಕೊಟ್ಟರೇ, ಹೇಳಿದ ದಿನವೇ ಗಾಡಿ ಕೊಟ್ಟರೇ, ಸೀಟು ಆರಾಮವಾಗಿದೆಯೇ ಎಂದು ಬಹು ಮೃದುವಾಗಿ ವಿಚಾರಿಸುತ್ತಾರೆ. ಲಕ್ಷಾಂತರ ರೂಪಾಯಿಯ ವಾಹನದ ಟ್ಯಾಂಕಿನಲ್ಲಿ ಹತ್ತಿರದ ಬಂಕ್ ತಲುಪುವಷ್ಟೇ ಪೆಟ್ರೋಲ್ ಇದ್ದದ್ದರ ಬಗ್ಗೆ ಪ್ರಶ್ನೆ ಇರುವುದಿಲ್ಲ. "ಹ್ಯಾಂಡ್ಲಿಂಗ್" ಹೆಸರಿನಲ್ಲಿ ಬಿಲ್ಲಿಗೆ ಸೇರಿದ ಮೊತ್ತ ಯಾರು ಯಾವುದನ್ನು ಕೈಯಲ್ಲಿ ಹಿಡಿದದ್ದಕ್ಕೆ ಎಂಬುದೂ ಪಟ್ಟಿಯಲ್ಲಿಲ್ಲ.

ಸೀಟಿನ ಆರಾಮದ ಪ್ರಶ್ನೆಯನ್ನು ಕೇಳುವುದು ಮುಂದೆ ಕುಳಿತವನಿಗೆ ಮಾತ್ರ. ಹಿಂದೆ ಕೂರುವವರಿಗೆ ಯಾರೂ ಫೋನ್ ಮಾಡುವುದಿಲ್ಲ. ಈಗಿನ ಬೈಕುಗಳ ಹಿಂಬದಿ ಸೀಟನ್ನು ನೋಡಿದರೆ ಅದಕ್ಕೆ ಕಾರಣವೂ ತಿಳಿಯುತ್ತದೆ: ಅಂಗೈಯಗಲದ ಆ ಗಟ್ಟಿ ತುಂಡನ್ನು ಸವಾರನ ಸೊಂಟದ ಎತ್ತರಕ್ಕೆ ಏರಿಸಿ, ಹಿಡಿಯಲು ಏನನ್ನೂ ಉಳಿಸದೆ, ಅದಕ್ಕೆ "ಸ್ಪೋರ್ಟಿ" ಎಂದು ಹೆಸರಿಟ್ಟಿದ್ದಾರೆ. ಹಿಂದೆ ಕೂರುವವರಿಗೆ ಹಿಡಿಕೆ ಇರಬೇಕು, ಕಾಲಿಡಲು ಆಸರೆ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮರೆಯಾಗಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಿಯಮವನ್ನು ಗೌರವಿಸಿ ಕಂಪನಿ ಸೀರೆ ಗಾರ್ಡ್ ಕೂಡಿಸಿಯೇ ಕಳಿಸುತ್ತದೆ. ಅಂದಕ್ಕೆ ಅಡ್ಡಿಯೆಂದು ಮಾಲೀಕ ಮೊದಲ ವಾರದಲ್ಲೇ ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆದು, ಸೀರೆಯುಟ್ಟ ಹೆಂಡತಿಯನ್ನು ಪಕ್ಕಕ್ಕೆ ಕಾಲಿಳಿಬಿಟ್ಟು ಕೂರಿಸಿಕೊಂಡು ಮದುವೆಮನೆಗೆ ಹೊರಡುತ್ತಾನೆ. ಆಕೆಯ ಒಂದು ಕೈಯಲ್ಲಿ ಉಡುಗೊರೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಸೆರಗು; ಬೈಕನ್ನು ಹಿಡಿದುಕೊಳ್ಳಲು ಮೂರನೆಯ ಕೈಯನ್ನು ಯಾವ ಕಂಪನಿಯೂ ಇನ್ನೂ ಆಕ್ಸೆಸರಿಯಾಗಿ ಬಿಟ್ಟಿಲ್ಲ.

ಇಷ್ಟಾದ ಮೇಲೆ ರಸ್ತೆ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಿದಾಗ ಎಲ್ಲರೂ ಸಂತೋಷಪಟ್ಟೆವು. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ಬೈಕಿನ ಜೀವಾವಧಿ ತೆರಿಗೆಯೂ ಶೇ. 18, ಅದರ ತಲೆಯ ಮೇಲೆ ಸೆಸ್ಸು. ಒಂದು ಹದಿನೆಂಟು ಬೈಕಿಗಾಗಿ, ಇನ್ನೊಂದು ಹದಿನೆಂಟು ಆ ಬೈಕು ಓಡಬೇಕಾದ ರಸ್ತೆಗಾಗಿ ಎಂದು ಭಾವಿಸುವ ಅಮಾಯಕರು ಈಗಲೂ ಇದ್ದಾರೆ, ಮತ್ತು ತೆರಿಗೆ ಕಟ್ಟುವುದೂ ಮುಖ್ಯವಾಗಿ ಅವರೇ.

ರೋಡ್ ಹಂಪ್ ಹೇಗಿರಬೇಕೆಂದು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂದೋ ಬರೆದಿಟ್ಟಿದೆ. ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ ಕೇವಲ 10 ಸೆಂಟಿಮೀಟರ್; ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನು ಮೈ ಅಲುಗದೆ ದಾಟಬೇಕು, ಮುಂಚಿತವಾಗಿ ಎಚ್ಚರಿಕೆಯ ಫಲಕ ಕಾಣಿಸಬೇಕು. ನಮ್ಮ ಬಡಾವಣೆಗಳ ಹಂಪುಗಳು ಈ ಪುಸ್ತಕವನ್ನು ಓದಿದಂತೆ ಕಾಣುವುದಿಲ್ಲ. ಅವು ಡಾಂಬರು ಹಾಕಿದ ರಾತ್ರಿ ಮಿಕ್ಕ ಸಾಮಗ್ರಿಯಿಂದ ಹುಟ್ಟುತ್ತವೆ. ದೇವಸ್ಥಾನದ ಮುಂದೊಂದು, ಕಲ್ಯಾಣಮಂಟಪದ ಮುಂದೊಂದು, ಮಾಜಿ ಕಾರ್ಪೊರೇಟರ್ ಮನೆಯ ಮುಂದೆ ಜೋಡಿ. ಬಿಳಿ ಬಣ್ಣ ಬಳಿಯಲು ಬೇರೆ ಟೆಂಡರ್ ಆಗಬೇಕು. ಸಂಜೆಗತ್ತಲಲ್ಲಿ ಅಂಥದೊಂದರ ಮೇಲೆ ಹೊಸ ಬೈಕು ಏರಿದಾಗ ಮುಂದಿನ ಚಕ್ರದ ಕುಲುಕು ತಾಳಬೇಕಾದ ಫೋರ್ಕು ಟಕ್ಕೆಂದು ತಳ ಮುಟ್ಟುತ್ತದೆ, ಸೈಲೆನ್ಸರ್ ಡಾಂಬರನ್ನು ಸವರುತ್ತದೆ, ಹಿಂದೆ ಕುಳಿತಾಕೆ ಕ್ಷಣಕಾಲ ಬೈಕಿನ ಸಂಬಂಧವನ್ನೇ ಕಡಿದುಕೊಂಡು ಮತ್ತೆ ಬಂದು ಕೂರುತ್ತಾಳೆ. ಮರುಕ್ಷಣ ಸವಾರನ ಬೆನ್ನಿಗೊಂದು ಗುದ್ದು ಬೀಳುತ್ತದೆ. ಇಡೀ ತೃಪ್ತಿ ಸಮೀಕ್ಷೆಯಲ್ಲಿ ನಂಬತಕ್ಕ ಉತ್ತರ ಅದೊಂದೇ ಎಂದು ನನ್ನ ಅಭಿಪ್ರಾಯ.

ಆದರೆ ಬೆಳಗಾದರೆ ಅದೇ ಸವಾರ ಪಕ್ಕದ ಮನೆಯವರ ಮುಂದೆ "ಏನ್ ಸಸ್ಪೆನ್ಷನ್ ಅಂತೀರಾ, ಹಂಪ್ ಹತ್ತಿಳಿದಿದ್ದೇ ಗೊತ್ತಾಗಲ್ಲ" ಎನ್ನುತ್ತಾನೆ. ಮೈಲೇಜ್ ಎಷ್ಟೆಂದು ಕೇಳಿದರೆ ಬಂದದ್ದಕ್ಕೆ ಐದು ಸೇರಿಸಿ ಹೇಳುತ್ತಾನೆ. ಮೂವತ್ತಾರು ತಿಂಗಳ ಕಂತು ಬಾಕಿ ಇರುವವನಿಗೆ ಅತೃಪ್ತನಾಗುವ ಅನುಕೂಲವಾದರೂ ಎಲ್ಲಿದೆ?

ಬೆಂಗಳೂರಿನಲ್ಲಿ ಗುಂಡಿಗಳ ವಿಷಯ ಈಗ ಇನ್ನಷ್ಟು ವ್ಯವಸ್ಥಿತವಾಗಿದೆ. ಹಿಂದೆ ಒಂದೇ ಪಾಲಿಕೆಯನ್ನು ಬೈಯಬೇಕಾಗಿತ್ತು. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ಗಡಿಯ ಮೇಲೆ ಬಿದ್ದ ಗುಂಡಿ ಯಾವ ಪಾಲಿಕೆಯದೆಂದು ತೀರ್ಮಾನವಾಗುವಷ್ಟರಲ್ಲಿ ಅದು ಎರಡೂ ಕಡೆಗೆ ಬೆಳೆದಿರುತ್ತದೆ. ಷೋರೂಮಿನಿಂದ ಪಾಠ ಕಲಿತು ನಮ್ಮ ಪಾಲಿಕೆಗಳೂ ಸಾರಿಗೆ ಇಲಾಖೆಯೂ ಒಂದು ಸಮೀಕ್ಷೆ ಆರಂಭಿಸಬಹುದೆಂಬುದು ನನ್ನ ನಮ್ರ ಸಲಹೆ. ತೆರಿಗೆ ಕಟ್ಟಿದ ಅನುಭವ ಹೇಗಿತ್ತು, ಗುಂಡಿಯ ಆಳ ನಿಮ್ಮ ನಿರೀಕ್ಷೆಗೆ ತಕ್ಕಂತಿತ್ತೇ, ಈ ರಸ್ತೆಯನ್ನು ಬಂಧುಮಿತ್ರರಿಗೆ ಶಿಫಾರಸು ಮಾಡುವಿರಾ ಎಂದು ಕೇಳಲಿ. ಕಿರಿಯ ಎಂಜಿನಿಯರ್ ಮೊದಲೇ ಬಂದು ಹತ್ತಕ್ಕೆ ಹತ್ತು ಕೊಡಿ ಸರ್ ಎಂದು ಕೇಳಿಕೊಂಡರೆ ಅವರಿಗೂ ನಾವು ಇಲ್ಲವೆನ್ನುವವರಲ್ಲ.

ಸರ್ವಿಸಿಗೆ ಬಂದ ಬೈಕಿನ ಫೋರ್ಕಿನಿಂದ ಆಯಿಲ್ ಜಿನುಗುತ್ತಿರುತ್ತದೆ, ಮುಂದಿನ ರಿಮ್ ಒಂದು ಕಡೆ ಚಪ್ಪಟೆಯಾಗಿರುತ್ತದೆ. ಅಡ್ವೈಸರ್ ಬಗ್ಗಿ ನೋಡಿ, ಬೆರಳಿಗೆ ಅಂಟಿದ ಆಯಿಲನ್ನು ಬಟ್ಟೆಗೆ ಒರೆಸಿಕೊಂಡು, "ಇದು ಗಾಡಿ ಪ್ರಾಬ್ಲಂ ಅಲ್ಲ ಸರ್, ರೋಡ್ ಪ್ರಾಬ್ಲಂ. ವಾರಂಟಿಯಲ್ಲಿ ಬರಲ್ಲ" ಎಂದು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾನೆ. ಪಾಲಿಕೆಯನ್ನು ಕೇಳಿದರೆ ನಿಧಾನ ಓಡಿಸಬೇಕಿತ್ತು ಎನ್ನುತ್ತಾರೆ. ಹೊಸ ಆಯಿಲ್ ಸೀಲು, ಹೊಸ ರಿಮ್ಮು, ಅವನ್ನು ಕೂಡಿಸಿದ ಕೂಲಿ ಎಲ್ಲ ಸೇರಿ ಬಿಲ್ಲಾಗಿ ಬರುತ್ತದೆ. ಅದರ ಕೊನೆಯಲ್ಲಿ ಮೂರನೆಯ ಹದಿನೆಂಟು ಕಾಣಿಸಿಕೊಳ್ಳುತ್ತದೆ. ಹಣ ಎಣಿಸಿಕೊಂಡ ಅಡ್ವೈಸರ್ ಮಾಲೀಕನನ್ನು ಸ್ವಲ್ಪ ಪಕ್ಕಕ್ಕೆ ಕರೆಯುತ್ತಾನೆ. ಸರ್ವಿಸಿನ ಬಗ್ಗೆ ಬರುವ ಕರೆ ಬೇರೆಯಂತೆ.