ಬಾಳೆಹಣ್ಣಿನ ನೊಣಕ್ಕೂ ಲೆಕ್ಕ ಗೊತ್ತು

ಕೀಟಗಳು ವಾಸನೆ ಗುರುತಿಸುವ ಬಗೆ ಕುರಿತ ನಿಮ್ಮ ಲೇಖನ ಚೆನ್ನಾಗಿದೆ ಸರ್. ಆದರೆ ‘ಕೀಟದ ಮಿದುಳಲ್ಲಿ ಒಂದೊಂದು ವಾಸನೆಗೂ ಒಂದೊಂದು ನರಕೋಶ’ ಅಂದಿದ್ದೀರಲ್ಲ, ಅದು ಪೂರ್ತಿ ಸರಿಯಲ್ಲ. ಹಾಗಿದ್ದರೆ ಲೋಕದ ಅಷ್ಟೂ ವಾಸನೆಗೆ ಕೋಶ ಎಲ್ಲಿಂದ ತರೋದು?

ನಮ್ಮ ಯಲಹಂಕದ ಮನೆಯಲ್ಲಿ ಏಲಕ್ಕಿ ಬಾಳೆ ಎರಡು ದಿನ ಜಾಸ್ತಿ ಇಟ್ಟರೆ ಸಾಕು, ಕೆಂಪು ಕಣ್ಣಿನ ಪುಟಾಣಿ ನೊಣ ಹಾಜರ್. ಅದರ ಮೀಸೆಯಲ್ಲಿರುವ, ವಾಸನೆ ಹಿಡಿಯುವ ಗ್ರಾಹಕಗಳ ಸುದ್ದಿ ಮೊದಲು ಮಿದುಳಿನ ಸುಮಾರು 50 ಸಣ್ಣ ನರಗಂಟುಗಳಿಗೆ ಹೋಗುತ್ತದೆ. ಒಂದು ವಾಸನೆಗೆ ಹಲವು ಗಂಟು ಮಿಡಿಯುತ್ತವೆ, ಒಂದು ಜೋರಾಗಿ, ಇನ್ನೊಂದು ಮೆತ್ತಗೆ. ವೀಣೆಯ ಒಂದೇ ತಂತಿ ಅಲ್ಲ, ಸ್ವರಗಳ ಜೋಡಣೆ ಅನ್ನಿ. ಅಲ್ಲಿಂದ ಸುದ್ದಿ ‘ಅಣಬೆ ಕಾಯ’ಕ್ಕೆ, ಅಂದರೆ ಮಿದುಳಲ್ಲಿ ವಾಸನೆಯನ್ನು ಕಲಿತು ನೆನಪಿಡುವ ಭಾಗಕ್ಕೆ. ಅಲ್ಲಿ ಒಂದೊಂದು ಬದಿಗೆ ಸುಮಾರು 2000 ಕೋಶಗಳು. ಒಂದು ವಾಸನೆಗೆ ಅವುಗಳಲ್ಲಿ ನೂರಕ್ಕೆ ಐದೋ ಹತ್ತೋ ಮಾತ್ರ ಎದ್ದು ಕೂರುತ್ತವೆ. ಮಿಕ್ಕವನ್ನು ಸುಮ್ನೆ ಕೂರಿಸೋಕೆ ಬದಿಗೊಂದರಂತೆ ದೊಡ್ಡ ನರಕೋಶ ಇದೆ, ಗದ್ದಲದ ಕ್ಲಾಸಿನ ಮೇಷ್ಟ್ರ ಹಾಗೆ! ಹೀಗೆ ಕೆಲವೇ ಕೋಶ ಎದ್ದರೆ ಎರಡು ವಾಸನೆಗಳ ಗುಂಪು ಬೆರೆಯುವುದು ಕಡಿಮೆ. ಗುರುತು ಸುಲಭ, ಅಲ್ವಾ?

ಅಂದ ಹಾಗೆ, ಈ ನೊಣದ ಮೂಗಿನ ಬಗ್ಗೆ ವಿಜ್ಞಾನಿಗಳಾದ ಒಬೇದ್ ಸಿದ್ದಿಕಿ, ವೆರೋನಿಕಾ ರೋಡ್ರಿಗಸ್ ಮಾಡಿದ ಕೆಲಸ ದೊಡ್ಡದು. ಇಬ್ಬರೂ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿದ್ದವರು. ಅವರ ಹೆಸರು ಲೇಖನದಲ್ಲಿ ಬರಬೇಕಿತ್ತು.

‘ಒಂದು ವಾಸನೆಗೆ ಒಂದು ದಾರಿ’ ಎಂಬಂಥ ನಿಮ್ಮ ಮಾತು ಹೆಚ್ಚುಕಡಿಮೆ ನಿಜವಾಗುವ ಕಡೆಯೂ ಒಂದಿದೆ. ಮೊದಲ ಮಳೆಗೆ ಮಣ್ಣಿಂದ ಏಳುವ ಘಮದಲ್ಲಿರುವ ಜಿಯೋಸ್ಮಿನ್ ಎಂಬ ರಾಸಾಯನಿಕಕ್ಕೆ ಈ ನೊಣದಲ್ಲಿ ಒಂದೇ ಮೀಸಲು ದಾರಿ. ನಮಗೆ ಖುಷಿ, ಅದಕ್ಕೆ ಬೂಷ್ಟಿನ ಸುಳಿವು. ತಕ್ಷಣ ಪರಾರಿ.