ಬಿಡುಗಡೆ: ಷರತ್ತುಗಳು ಅನ್ವಯ

ಅಮೆರಿಕದ ನ್ಯಾಯವ್ಯವಸ್ಥೆ ಎಷ್ಟು ಕರುಣಾಮಯಿ ಎಂದರೆ, ಮನುಷ್ಯನನ್ನು ಪ್ರೊಬೇಷನ್ ಮೇಲೆ, ಅಂದರೆ ಜೈಲುಶಿಕ್ಷೆಯ ಬದಲು ಅಧಿಕಾರಿಯೊಬ್ಬರ ನಿಗಾದಲ್ಲಿ, ಜೈಲಿನ ಹೊರಗಿಡುವಾಗ ಅವನಿಗೆ ಜೈಲಿನ ದಾರಿ ಮರೆತುಹೋಗದಿರಲೆಂದು ಷರತ್ತುಗಳ ಪಟ್ಟಿಯೊಂದನ್ನೂ ಕೈಗಿತ್ತು ಕಳಿಸುತ್ತದೆ. ಉದ್ಯೋಗ ಹಿಡಿದು ಅದನ್ನು ಉಳಿಸಿಕೊಳ್ಳಬೇಕು ಎಂಬುದು ಅದರಲ್ಲಿ ಸಾಮಾನ್ಯವಾಗಿ ಇರುವ ಷರತ್ತು. ಕರೆದಾಗಲೆಲ್ಲ ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಾಗಬೇಕು ಎಂಬುದು ಇನ್ನೊಂದು. ಕರೆ ಬರುವುದು ಹೆಚ್ಚಾಗಿ ಕೆಲಸದ ವೇಳೆಯಲ್ಲೇ ಆದ್ದರಿಂದ, ಎರಡನೆಯದನ್ನು ನಿಷ್ಠೆಯಿಂದ ಪಾಲಿಸಿದವನನ್ನು ಮೊದಲನೆಯದರ ಹೊಣೆಯಿಂದ ಮಾಲೀಕನೇ ಬಿಡಿಸುತ್ತಾನೆ. ಶಿಕ್ಷೆಗೊಳಗಾದ ಇತರರ ಸಹವಾಸ ಕೂಡದೆಂಬ ನಿಯಮವೂ ಉಂಟು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆಂದು ಒಪ್ಪಿಸಲು ಆತ ಕಾಯಬೇಕಾದದ್ದು ಮಾತ್ರ ಅಂಥವರಿಂದಲೇ ತುಂಬಿದ ಕೊಠಡಿಯಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಕಾಲಿಗೆ ಕಟ್ಟಿದ ಜಿಪಿಎಸ್ ಪಟ್ಟಿಯ ಚಾರ್ಜ್ ಮುಗಿದರೆ, ಉಲ್ಲಂಘನೆಯ ಆರೋಪ ಬರುವುದು ಬ್ಯಾಟರಿಯ ಮೇಲಲ್ಲ, ಕಾಲಿನ ಒಡೆಯನ ಮೇಲೆ.

ಪ್ರೊಬೇಷನ್‌ಗೆ ನಾಂದಿ ಹಾಡಿದ ಜಾನ್ ಅಗಸ್ಟಸ್ ಬೂಟು ಹೊಲಿಯುವ ಕಸುಬಿನವರು. ಕಾನೂನು ಓದಿರಲಿಲ್ಲ, ಬಹುಶಃ ಅದಕ್ಕೇ ಅವರಿಗೆ ವಿಷಯ ಅರ್ಥವಾಗಿತ್ತು. 1841ರಲ್ಲಿ ಬಾಸ್ಟನ್ನಿನ ಕೋರ್ಟಿನಲ್ಲಿ ಕುಡುಕನೊಬ್ಬನಿಗೆ ಜಾಮೀನು ನಿಂತು, ಮೂರು ವಾರಗಳ ಬಳಿಕ ಅವನನ್ನು ನೆಟ್ಟಗೆ ನಿಲ್ಲಿಸಿ ಕರೆತಂದಾಗ, ನ್ಯಾಯಾಧೀಶರು ವಿಧಿಸಿದ ದಂಡ ಒಂದು ಸೆಂಟ್, ಜೊತೆಗೆ ಕೋರ್ಟ್ ಖರ್ಚು. ಅಂಥ ದುಂದುಗಾರಿಕೆಯನ್ನು ಈಗ ಸರಿಪಡಿಸಲಾಗಿದೆ: ಅನೇಕ ರಾಜ್ಯಗಳಲ್ಲಿ ತನ್ನ ಮೇಲೆ ಇಡುವ ನಿಗಾಕ್ಕೆ ಶುಲ್ಕವನ್ನೂ ಪ್ರೊಬೇಷನ್‌ನಲ್ಲಿರುವವನೇ ಕಟ್ಟಬೇಕು. ಜಾರ್ಜಿಯಾ ರಾಜ್ಯದಲ್ಲಿ ಕೆಲಸ ಕಳೆದುಕೊಂಡವನೊಬ್ಬ ದಂಡ ಮತ್ತು ಪರಿಹಾರದ ಬಾಕಿ 550 ಡಾಲರ್ ಕಟ್ಟಲಾಗದೆ ಜೈಲು ಸೇರಿದ. ಕಟ್ಟಲಾಗದವನು ಬೇರೆ, ಕಟ್ಟಲೊಲ್ಲದವನು ಬೇರೆ, ವಿಚಾರಿಸದೆ ಪ್ರೊಬೇಷನ್ ರದ್ದು ಮಾಡಬಾರದು ಎಂಬಷ್ಟನ್ನು ತಿಳಿಹೇಳಲು 1983ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಬರಬೇಕಾಯಿತು.

ದುಡ್ಡಿದ್ದವರಿಗೂ ಇದರಿಂದ ವಿನಾಯಿತಿಯಿಲ್ಲ ಎಂಬುದು ಸಮಾನತೆಯ ದೃಷ್ಟಿಯಿಂದ ಮೆಚ್ಚತಕ್ಕ ಸಂಗತಿ. ರ‍್ಯಾಪ್ ಗಾಯಕ ಮೀಕ್ ಮಿಲ್ 2007ರಲ್ಲಿ, 19ನೇ ವಯಸ್ಸಿನಲ್ಲಿ ಬಂಧಿತರಾದ ಪ್ರಕರಣದ ಪ್ರೊಬೇಷನ್ 10 ವರ್ಷ ಕಳೆದರೂ ಮುಗಿದಿರಲಿಲ್ಲ. ನ್ಯೂಯಾರ್ಕಿನ ಬೀದಿಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸಿದ್ದೂ ಸೇರಿದಂತೆ ಹಲವು ಉಲ್ಲಂಘನೆಗಳಿಗಾಗಿ 2017ರ ನವೆಂಬರಿನಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶರು ಅವರಿಗೆ 2ರಿಂದ 4 ವರ್ಷಗಳ ಜೈಲು ವಿಧಿಸಿದರು. ಜೈಲು ಬೇಡವೆಂದು ಪ್ರಾಸಿಕ್ಯೂಟರೂ ಹೇಳಿದ್ದರು, ಪ್ರೊಬೇಷನ್ ಅಧಿಕಾರಿಯೂ ಹೇಳಿದ್ದರು. ಆದರೆ ಹಾಗೆ ಎಲ್ಲರ ಮಾತು ಕೇಳುತ್ತ ಹೋದರೆ ನ್ಯಾಯಾಂಗದ ಸ್ವಾತಂತ್ರ್ಯದ ಗತಿಯೇನು? 2018ರ ಏಪ್ರಿಲಿನಲ್ಲಿ ಅವರು ಹೊರಬಂದರು, ಮರುವರ್ಷ ಮೇಲಿನ ಕೋರ್ಟು ಮೂಲ ತೀರ್ಪನ್ನೇ ರದ್ದುಮಾಡಿತು. ಅಷ್ಟರಲ್ಲಿ ಸುಮಾರು ಐದು ತಿಂಗಳ ಜೈಲುವಾಸ ನಿಯಮಾನುಸಾರ ಮುಗಿದುಹೋಗಿತ್ತು.