ಮರಳುಗಾಡಿನಲ್ಲಿ ಮಳೆ, ದುಡ್ಡು ವಾಪಸ್ ಕೊಡಿ!

ರಾಜಸ್ಥಾನದ ಜೈಸಲ್ಮೇರಿನ ಮರಳು ನೋಡಲು ಟೂರಿನಲ್ಲಿ ಹೋದ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ತೊಯ್ದು ತೊಪ್ಪೆಯಾಗಿ ಬಂದ ಸಂಗತಿ ಶಿರಸಿ ಪೇಟೆಯಿಂದ ಕಾರವಾರದ ಮೀನು ಮಾರ್ಕೆಟ್‌ವರೆಗೆ ಎಲ್ಲರಿಗೂ ಗೊತ್ತು. ದುಡ್ಡು ವಾಪಸ್ ಕೊಡಿ ಎಂದು ಇವರು. ಅನಿರೀಕ್ಷಿತ ಮಳೆ, ನಾವೇನು ಮಾಡೋಣ ಎಂದು ಟೂರಿನವರು.

ಇಬ್ಬರೂ ಪಾಪದವರು. ಆಶ್ಲೇಷಾ ಮಳೆ ಹಿಡಿದು ಹೊಯ್ಯುವಾಗ ಅಡಿಕೆಗೆ ಕೊಳೆ ಔಷಧಿ ಹೊಡೆಸಿ ಮುಗಿಸಿ, ಒಂದು ವಾರವಾದರೂ ಬಿಸಿಲು ಕಾಣೋಣ ಎಂದು ಹೊರಟವರು ಇವರು. ಆಗಸ್ಟ್‌ನಲ್ಲಿ ಪ್ಯಾಕೇಜು ಯಾಕೆ ಅಷ್ಟು ಅಗ್ಗ ಎಂದು ಒಬ್ಬರೂ ಕೇಳಲಿಲ್ಲ. ಅಲ್ಲಿನ ಸೀಜನ್ ಅಕ್ಟೋಬರ್‌ನಿಂದ ಮಾರ್ಚ್. ಜೈಸಲ್ಮೇರಿಗೆ ವರ್ಷವಿಡೀ ಬೀಳುವುದು ಸುಮಾರು 200 ಮಿ.ಮೀ., ನಮ್ಮಲ್ಲಿ ಜೋರು ಹೊಡೆದರೆ ಒಂದು ಹಗಲು-ರಾತ್ರಿಯ ಬಾಬತ್ತು. ಆದರೆ ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಪಂಚಾಂಗ ನೋಡದೆ ಹಪ್ಪಳ ಹಚ್ಚದ ಜನ, ಮರಳುಗಾಡಿಗೆ ಮಾತ್ರ ಹಾಗೇ ಹೊರಟುಬಿಟ್ಟರು.

ಮಳೆ ಬಂದರೆ ಜೈಸಲ್ಮೇರಿನ ಹತ್ತಿರದ ಸಾಮ್ ಮರಳು ದಿಬ್ಬದಲ್ಲಿ ಮೊದಲು ಕೈಕೊಡುವುದು ಒಂಟೆ. ಅದರ ಪಾದ ಅಗಲ, ಮೆತ್ತಗೆ, ಎರಡೇ ಬೆರಳು. ಮರಳಲ್ಲಿ ಹುಗಿಯದಿರಲಿ ಎಂದೇ ಆದದ್ದು. ದಿಬ್ಬಗಳ ನಡುವಿನ ಜೇಡಿಮಣ್ಣು ಒದ್ದೆಯಾದರೆ ಅದೇ ಪಾದ ಜಾರುತ್ತದೆ. ಹಿಂಗಾಲು ಎರಡೂ ಅಗಲಿ ಬಿದ್ದ ಒಂಟೆ ಮತ್ತೆ ಏಳುವ ಭರವಸೆಯಿಲ್ಲ. ಒಂಟೆಯವನು ‘ಇವತ್ತು ಆಗೋದಿಲ್ಲ ಸಾಬ್’ ಎಂದರೆ ಅದು ಸೋಮಾರಿತನವಲ್ಲ. ಜೀಪಿನವನಿಗೆ ಬೇರೆ ತಾಪತ್ರಯ. ಒಣ ಮರಳಿಗೆಂದು ಟೈರಿನ ಗಾಳಿಯನ್ನು 15-18 ಪಿಎಸ್‌ಐಗೆ ಇಳಿಸುತ್ತಾರೆ. ಮಳೆಯಲ್ಲಿ ಮೇಲ್ಪದರ ಮಾತ್ರ ಗಟ್ಟಿಯಾಗಿ ಒಳಗಿನದು ಪುಡಿಪುಡಿಯೇ ಉಳಿದರೆ, ಹೆಪ್ಪು ಒಡೆದು ಚಕ್ರ ಆಕ್ಸಲ್‌ವರೆಗೆ ಕೂರುತ್ತದೆ. ಆಮೇಲೆ ಪ್ಯಾಕೇಜಿನಲ್ಲಿ ಬರೆಯದ ಇನ್ನೊಂದು ಕಾರ್ಯಕ್ರಮ: ಎಲ್ಲರೂ ಇಳಿದು ತಳ್ಳುವುದು. ರಾತ್ರಿ ಬಾಟಿ ಎಂಬ ಗೋಧಿ ಹಿಟ್ಟಿನ ಉಂಡೆ ಸುಡಲು ಸೆಗಣಿ ಕುರುಳು ಒದ್ದೆ. ಹೊಗೆಯೇ ಜಾಸ್ತಿ, ಬಾಟಿ ಒಳಗೆ ಹಸಿ ಹಿಟ್ಟು. ಸೂರ್ಯಾಸ್ತದ ವೇಳೆ ಮಾತ್ರ ತಪ್ಪಲಿಲ್ಲವಂತೆ, ಸೂರ್ಯನೇ ಇರಲಿಲ್ಲ ಅಷ್ಟೆ.

ಸಾಮ್‌ಗೆ ಹೋಗುವ ದಾರಿಯಲ್ಲಿ ಕುಲಧರಾ ಎಂಬ ಪಾಳುಬಿದ್ದ ಊರನ್ನೂ ತೋರಿಸುತ್ತಾರೆ. ಗೈಡು ಶಾಪದ ಕಥೆ ಹೇಳುತ್ತಾನೆ, ದೆವ್ವದ ಕಥೆ ಹೇಳುತ್ತಾನೆ, ಸೆಲ್ಫಿಗೆ ಐದು ನಿಮಿಷ ಕೊಡುತ್ತಾನೆ. ಆ ಊರಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಅಷ್ಟು ಕಡಿಮೆ ಮಳೆಯಲ್ಲಿ ಏನು ಬೆಳೆದು ಉಂಡರು ಎಂಬುದು ಪ್ಯಾಕೇಜಿನಲ್ಲಿಲ್ಲ. ಅವರದ್ದು ಖಡೀನ್. ಕಲ್ಲು ಇಳಿಜಾರಿನ ನೀರೆಲ್ಲ ಬಂದು ಸೇರುವ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಒಡ್ಡು, ಹೆಚ್ಚಿನ ನೀರಿಗೆ ಕೋಡಿ, ಬುಡದಲ್ಲಿ ತೂಬು. ನಿಂತ ನೀರು ಇಂಗಿದ ಮೇಲೆ ಆ ಪಸೆಯಲ್ಲೇ ಹಿಂಗಾರಿಗೆ ಗೋಧಿ, ಕಡಲೆ. 15ನೇ ಶತಮಾನದಿಂದ ನಡೆದುಬಂದ ಪದ್ಧತಿ. ನಮ್ಮವರು ಕೊಡೆ ಹುಡುಕುತ್ತ ಶಾಪ ಹಾಕುವಾಗ ಗೈಡು ಒಳಗೊಳಗೇ ಖುಷಿಯಾಗಿದ್ದರೆ ಅವನನ್ನು ಬೈಯಬೇಡಿ. ಅವನ ಮನೆಗೂ ಹೊಲ ಇದ್ದೀತು.

ಅತಿ ಕಮ್ಮಿ ಮಳೆಗೂ ಕೋಡಿ, ತೂಬು ಇಟ್ಟವರು ಅವರು. ನಮ್ಮ ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿ.ಮೀ. ಬೀಳುತ್ತದೆ. ಇಲ್ಲಿ ಹೆದ್ದಾರಿ 66ಕ್ಕಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ನಿಲ್ಲಿಸಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿಯಿತು. ಚಹಾದಂಗಡಿಯವರು ಹೋದರು, ಚಹಾ ಕುಡಿಯಲು ನಿಂತವರು ಹೋದರು. ಗಂಗಾವಳಿ ನದಿ ಸೇರಿದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಆಗಲೂ ಮಳೆ ಜಾಸ್ತಿಯಾಯ್ತು ಎಂಬ ಮಾತೇ. ಜುಲೈ ತಿಂಗಳಲ್ಲಿ ಅಂಕೋಲೆಗೆ ಮಳೆಯಲ್ಲದೆ ಇನ್ನೇನು ಬರಬೇಕಿತ್ತು ಮಾರಾಯ್ರೆ? ಇದರಲ್ಲಿ ತಮಾಷೆ ಮಾಡಲು ಏನೂ ಇಲ್ಲ. ಸಾಕಾಗಿದೆ.

ಗುಡ್ಡ ಕಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ನೆತ್ತಿಯ ಮೇಲೆ ನೀರು ತಿರುಗಿಸುವ ಗಟಾರ ಬೇಕು, ತಡೆಗೋಡೆಯಲ್ಲಿ ನೀರು ಸೋರಿಹೋಗಲು ತೂತು ಬೇಕು. ಕುಮಟೆಯಿಂದ ಕಾರವಾರದವರೆಗೆ ಇವು ಮೂರೂ ಒಟ್ಟಿಗೆ ಎಲ್ಲೆಲ್ಲಿವೆ ಎಂದು ಬಸ್ಸಿನ ಕಿಟಕಿಯಿಂದಲೇ ಲೆಕ್ಕ ಹಾಕುತ್ತ ಬನ್ನಿ. ನಡುವೆ ಟೋಲ್ ನಾಕಾ ಸಿಗುತ್ತದೆ. ಅಲ್ಲಿ ಯಾವ ಮಳೆಯೂ ಅನಿರೀಕ್ಷಿತವಲ್ಲ, ದುಡ್ಡು ಫಾಸ್ಟ್ಯಾಗ್‌ನಿಂದ ತಾನೇ ಕಟ್ ಆಗುತ್ತದೆ.